ಎಣ್ಣೆ ಮಿಲ್ಲಿನ ಶೆಡ್‌ನಲ್ಲಿ ಲಾಂಗ್-ಈಝೀ ವಿಮಾನ ಕಟ್ಟೋಕಾಗುತ್ತಾ? ಬಲ್ಲವರು ಹೇಳಿ

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಜೂನ್ 18, ರಾತ್ರಿ 10:40

ನಮಸ್ಕಾರ ಎಲ್ಲರಿಗೂ. ನಗಬೇಕು ಅನ್ನೋರು ಈಗಲೇ ನಕ್ಕು ಮುಗಿಸಿ, ಆಮೇಲೆ ಓದಿ.

ಹನ್ನೊಂದು ವರ್ಷದಿಂದ ಗಾಳಿ ಫ್ಯಾನಿನ ಬ್ಲೇಡ್ ರಿಪೇರಿ ಮಾಡ್ತಿದೀನಿ. ದುರ್ಗದ ಸುತ್ತ ಗುಡ್ಡಗಳ ಮೇಲೆ ತಿರುಗ್ತವಲ್ಲ, ಅವೇ. ಹಗ್ಗ ಕಟ್ಕೊಂಡು ಮೇಲಿಂದ ಇಳಿದು, ಧೂಳು ಬಡಿದು ಸವೆದ ಅಂಚನ್ನ ಗ್ರೈಂಡ್ ಮಾಡಿ, ಗ್ಲಾಸ್ ಬಟ್ಟೆ ಕೂರಿಸಿ, ರೆಸಿನ್ ಕುಡಿಸಿ, ಉಜ್ಜಿ, ಬಣ್ಣ ಹೊಡೆದು ಬರೋದು. ಆಷಾಢ ಬಂತೂಂದ್ರೆ ನಮಗೆ ಕೆಲಸ ಇಲ್ಲ. ಗಾಳಿ ಬೀಸೋ ಕಾಲದಲ್ಲಿ ಫ್ಯಾನ್ ನಿಲ್ಲಿಸೋಕೆ ಮಾಲೀಕ ಒಪ್ಪಲ್ಲ, ಆ ಗಾಳೀಲಿ ನೇತಾಡೋಕೆ ನಾವೂ ಒಪ್ಪಲ್ಲ. ವರ್ಷಕ್ಕೆ ಮೂರು ತಿಂಗಳು ಕೈ ಖಾಲಿ, ತಲೆ ಖಾಲಿ. ಅಂಥ ಹೊತ್ತಲ್ಲೇ ಇಂಥ ಹುಚ್ಚು ಹತ್ತೋದು.

ಹೋದ ವರ್ಷ ಫೋನಲ್ಲಿ ಏನೋ ನೋಡ್ತಾ ಕೂತಿದ್ದಾಗ ಲಾಂಗ್-ಈಝೀ ಸಿಕ್ತು. ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಬರ್ಟ್ ರುಟಾನ್ ಅನ್ನೋರು ಮಾಡಿದ ಡಿಸೈನು, 1979ರಲ್ಲಿ ಮೊದಲು ಹಾರಿದ್ದು. ಒಬ್ಬರ ಹಿಂದೆ ಒಬ್ಬರು, ಎರಡೇ ಸೀಟು. ಚಿಕ್ಕ ರೆಕ್ಕೆ ಮೂತಿ ಹತ್ರ, ದೊಡ್ಡ ರೆಕ್ಕೆ ಹಿಂದೆ, ಪ್ರೊಪೆಲ್ಲರ್ ಎಲ್ಲಕ್ಕಿಂತ ಹಿಂದೆ. ಬಿಟ್ಟು ನಿಲ್ಲಿಸುವಾಗ ಮುಂದಿನ ಚಕ್ರ ಒಳಗೆ ಮಡಚಿ ಮೂತಿ ನೆಲಕ್ಕೆ ಊರಿಸ್ತಾರೆ. ಪೈಲಟ್ ಇಳಿದ್ರೆ ಭಾರವೆಲ್ಲ ಹಿಂದೆ, ಇಲ್ಲಾಂದ್ರೆ ಅಂಗಾತ ಬೀಳುತ್ತಂತೆ. ನೋಡೋಕೆ ಎತ್ತು ಮುಂಗಾಲು ಮಂಡಿ ಊರಿದ ಹಂಗೇ.

ನನ್ನ ಹಿಡಿದು ನಿಲ್ಲಿಸಿದ್ದು ಅದನ್ನ ಕಟ್ಟೋ ರೀತಿ. ಅಚ್ಚು ಬೇಡ. ಫೋಮ್ ದಿಮ್ಮಿ ತಗೊಂಡು, ಎರಡೂ ತುದೀಗೆ ರೆಕ್ಕೆ ಆಕಾರದ ತಗಡು ಹೊಡೆದು, ಕರೆಂಟು ಹಾಯಿಸಿದ ಬಿಸಿ ತಂತಿ ಆ ತಗಡಿನ ಅಂಚಿಗೆ ಎಳ್ಕೊಂಡು ಹೋದ್ರೆ ರೆಕ್ಕೆ ಕೊಯ್ದು ಬರುತ್ತೆ. ಅದರ ಮೇಲೆ ಗ್ಲಾಸ್ ಬಟ್ಟೆ, ಎಪಾಕ್ಸಿ ಅನ್ನೋ ರೆಸಿನ್. ಹನ್ನೊಂದು ವರ್ಷದಿಂದ ನಾನು ಮಾಡ್ತಿರೋದೂ ಇದೇ ಅಲ್ವಾ? 1980ರಿಂದ 1985ರವರೆಗೆ ನಕ್ಷೆ ಮಾರಿ ಆಮೇಲೆ ನಿಲ್ಲಿಸಿಬಿಟ್ರಂತೆ, ಆದ್ರೆ ಕಟ್ಟಿದೋರ ಹತ್ರ ಇನ್ನೂ ಅವೆ.

ಜಾಗ ಐತೆ. ಚಳ್ಳಕೆರೆಯಲ್ಲಿ ಸೋದರಮಾವನ ಶೇಂಗಾ ಎಣ್ಣೆ ಮಿಲ್ಲು ಮುಚ್ಚಿ ಆರು ವರ್ಷ ಆಯ್ತು. ಶೆಡ್ಡು ಉದ್ದಕ್ಕೆ 70 ಅಡಿ, ವಿಮಾನದ ರೆಕ್ಕೆ ತುದಿಯಿಂದ ತುದಿಗೆ 26 ಅಡಿ ಚಿಲ್ಲರೆ. ಮಾವ "ಇಲಿ ಓಡಾಡೋ ಜಾಗದಲ್ಲಿ ವಿಮಾನ ಇದ್ರೆ ನನಗೇನು" ಅಂದ್ರು.

ಈಗ ಅವಮಾನದ ಕತೆ. ಹೋದ ಆಷಾಢದಲ್ಲಿ ಫ್ರಿಜ್ ಡಬ್ಬದ ಥರ್ಮಕೋಲ್ ಇಟ್ಕೊಂಡು ಒಂದು ಅಡಿ ರೆಕ್ಕೆ ಕೊಯ್ದೆ. ದಾವಣಗೆರೆಯಲ್ಲಿ ನೀರಿನ ಟ್ಯಾಂಕ್ ಮಾಡೋರು ತಗೊಳ್ಳೋ ರೆಸಿನ್ ತಂದು ಬಟ್ಟೆ ಹಾಸಿ ಸುರಿದೆ. ಐದು ನಿಮಿಷ. ಕಾದ ಬಾಣಲೆಗೆ ಬೆಣ್ಣೆ ಹಾಕಿದ ಹಂಗೆ ಥರ್ಮಕೋಲ್ ಕುಸೀತಾ ಕುಸೀತಾ ಮಾಯ. ಮೇಲೆ ಬಟ್ಟೆ ಮಾತ್ರ ಸತ್ತ ಕಪ್ಪೆ ಥರ ಬಿದ್ದಿತ್ತು. ಕೆಲಸದ ಜಾಗದಲ್ಲಿ ಎಪಾಕ್ಸಿ ಡಬ್ಬ ಕಂಪನಿಯಿಂದಲೇ ಬರುತ್ತೆ, ಎ-ಬಿ ಕಲಸು, ಹಚ್ಚು. ಯಾಕೆ ಅದೇ ಬೇಕು ಅಂತ ಒಂದಿನವೂ ಕೇಳಿರಲಿಲ್ಲ. ಮನೆಯವಳು ಈಗಲೂ ಥರ್ಮಕೋಲ್ ಕಂಡಾಗೆಲ್ಲ "ನಿಮ್ಮ ವಿಮಾನ" ಅಂತಾಳೆ.

ಕೇಳೋದು ಇಷ್ಟು. ಯಾವ ಫೋಮ್? ಬ್ಲೇಡ್ ಕೆಲಸ ಬಂದ್ರೆ ಇದೂ ಬರುತ್ತಾ, ಇಲ್ಲಾ ನಾನು ಮೋಸ ಹೋಗ್ತಿದೀನಾ? ಓಮ್ನಿ ಇಂಜಿನ್ ಒಂದು ಕೈಯಲ್ಲೈತೆ, ನಡೆಯುತ್ತಾ? ಕಟ್ಟಿದ ಮೇಲೆ ಹಾರಿಸೋಕೆ ಬಿಡ್ತಾರಾ, ಎಲ್ಲಿಂದ?

ಹಳೇ_ಲೇತು (ಹರಿಹರ)
ಜೂನ್ 19, ಬೆಳಿಗ್ಗೆ 6:15

ನೋಡು ತಮ್ಮಾ, ನಾನು ಕಿರ್ಲೋಸ್ಕರ್‌ನಾಗ 26 ವರ್ಷ ಲೇತಿನ ಬೆಡ್ ಕೆರೆದಾಂವ. ವಿಮಾನ ಕಟ್ಟಿಲ್ಲ. ಆದ್ರ ಇಂಥವುಗಳ ಅಪಘಾತದ ವರದಿ ಓದೋದು ನನ್ನ ಚಟ, ಮಂದಿ ಕ್ರಿಕೆಟ್ ನೋಡಿದ ಹಂಗ.

ಓಮ್ನಿ ಇಂಜಿನ್ ವಿಷಯ ಮೊದಲು ಮುಗಿಸ್ತೀನಿ. ಅದು 796 ಸಿಸಿ, 35 ಅಶ್ವಶಕ್ತಿ ಆಸುಪಾಸು. ಲಾಂಗ್-ಈಝೀಗೆ ಬರೆದಿರೋದು ಲೈಕಾಮಿಂಗ್ ಓ-235, 115ರ ಸುತ್ತ. ಓಮ್ನಿ ಇಂಜಿನ್ ಓಮ್ನಿಗೇ ಇರ್ಲಿ.

ಈಗ ನೀ ಕೇಳದೇ ಇರೋದು. ಜಾನ್ ಡೆನ್ವರ್ ಅಂತ ಅಮೆರಿಕದ ಹಾಡುಗಾರ, 1997ರ ಅಕ್ಟೋಬರ್ 12ರಂದು ಮಾಂಟೆರೆ ಕೊಲ್ಲಿಯೊಳಗ ಬಿದ್ದು ಸತ್ತಿದ್ದು ಇದೇ ಲಾಂಗ್-ಈಝೀಯಲ್ಲಿ. ವಿಮಾನ ಅವನು ಕಟ್ಟಿದ್ದಲ್ಲ, ಕೊಂಡಿದ್ದು. ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಪೆಟ್ರೋಲ್ ತಿರುಗಿಸೋ ವಾಲ್ವ್ ನಕ್ಷೆಯಲ್ಲಿ ಇದ್ದಿದ್ದು ಪೈಲಟ್ ಮುಂದೆ, ಕಾಲಿನ ನಡುವೆ. ಕಟ್ಟಿದ ಪುಣ್ಯಾತ್ಮ ಅದನ್ನ ಒಯ್ದು ಎಡ ಭುಜದ ಹಿಂದಿನ ಗೋಡೆಗೆ ಇಟ್ಟಿದ್ದ. ಅದನ್ನ ಹಿಡೀಬೇಕಾದ್ರ ಮೈ ತಿರುಗಿಸಬೇಕು, ಮೈ ತಿರುಗಿಸಿದ್ರ ಬಲಗಾಲು ತಾನಾಗೇ ಮೂತಿ ಪಕ್ಕಕ್ಕ ತಿರುಗಿಸೋ ರಡ್ಡರ್ ಪೆಡಲ್ ಒತ್ತತೈತಿ. ಟ್ಯಾಂಕಿನ್ಯಾಗ ಎಷ್ಟೈತಿ ಅಂತ ತೋರಿಸೋ ಗಾಜಿಗೆ ಗೆರೆ-ಗುರುತು ಇರಲಿಲ್ಲ. ಅದೂ ಹೋಗ್ಲಿ, ಹಾರೋ ಮುಂಚೆ ಪೆಟ್ರೋಲ್ ಹಾಕ್ಲೇನು ಅಂದ್ರ ಬ್ಯಾಡ ಅಂದಿದ್ದ.

ನಾನು ಲೇತಿನ ಮುಂದೆ ಕಲಿತಿದ್ದೂ ಇದನ್ನೇ. ಡ್ರಾಯಿಂಗಿನ್ಯಾಗ ಹ್ಯಾಂಡಲ್ ಒಂದು ಕಡೆ ಐತಿ ಅಂದ್ರ ಅದಕ್ಕ ಯಾರೋ ತಲಿ ಕೆಡಿಸಿಕೊಂಡಿರ್ತಾರ. "ನನಗ ಇಲ್ಲಿ ಅನುಕೂಲ" ಅಂತ ಸರಿಸಿದ ದಿನ ನೀನು ಹೊಸ ಯಂತ್ರ ಮಾಡಿದಿ ಅಂತ ಲೆಕ್ಕ, ಹಳೇದರ ಹೆಸರು ಹೇಳಬ್ಯಾಡ.

ನನ್ನ ಮಾತು ಕೇಳೋದಾದ್ರ ತಗಡಿನ ವಿಮಾನ ಮಾಡು. ಕ್ರಿಸ್ ಹೈಂಟ್ಸ್ ಡಿಸೈನಿನ ಸಿಎಚ್ 701 ಐತಿ, 1986ರದ್ದು, ಅದೂ ಎರಡು ಸೀಟು, ಪಾಪ್ ರಿವೆಟ್ ಹೊಡ್ಕೊಂಡು ಹೋಗೋದು. ರಿವೆಟ್ ಸಡಿಲ ಆದ್ರ ಕಣ್ಣಿಗೆ ಕಾಣತೈತಿ. ಫೈಬರ್ ಒಳಗ ಗಾಳಿ ಉಳಿದಿದ್ರ ಯಾವನಿಗೆ ಗೊತ್ತಾಗತೈತಿ?

ವಿದ್ಯಾನಗರ_ನಿವೃತ್ತ (ದಾವಣಗೆರೆ)
ಜೂನ್ 19, ಮಧ್ಯಾಹ್ನ 3:05

ಫೈಬರ್ ಒಳಗಿನ ಗಾಳಿ ಗೊತ್ತಾಗುತ್ತದೆ ಲೇತು ಸಾಹೇಬರೇ, ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ತಟ್ಟಿ ನೋಡಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟುಕೊಂಡಿರುವಲ್ಲಿ ಬದ್ ಎನ್ನುತ್ತದೆ. ಬ್ಲೇಡ್ ಕೆಲಸದ ಹುಡುಗನಿಗೆ ನಾನು ಇದನ್ನು ಹೇಳಬೇಕಾಗಿಲ್ಲ.

ಗಾಳಿಯವರೇ, ನಾನು ಬೆಂಗಳೂರಿನಲ್ಲಿ ಕಾಂಪೊಸಿಟ್ ಕೆಲಸ, ಅಂದರೆ ಹೀಗೆ ಬಟ್ಟೆ-ರೆಸಿನ್ ಸೇರಿಸಿ ಕಟ್ಟುವ ಕೆಲಸ ಮಾಡಿಯೇ ತಲೆ ನರೆಸಿಕೊಂಡವನು. ನೀವು ಹಿಡಿದಿರುವ ವಿಮಾನಕ್ಕೂ ನಮ್ಮ ನಾಡಿಗೂ ಹಳೆಯ ನೆಂಟಸ್ತಿಕೆ ಇದೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕಾಂಪೊಸಿಟ್ ವಿಮಾನ ಕಟ್ಟುವುದನ್ನು ಕಲಿಯಲು ಆರಿಸಿಕೊಂಡಿದ್ದು ಲಾಂಗ್-ಈಝೀಯನ್ನೇ. ಎಲ್‌ಸಿಆರ್‌ಎ ಎಂದು ಹೆಸರಿಟ್ಟರು. 1987ರಲ್ಲಿ ಅದು ಹಾರಿತು. ಆ ತಂಡವನ್ನು ನಡೆಸಿದವರು ಪ್ರೊ. ರುಸ್ತುಂ ದಮಾನಿಯಾ. ಆಮೇಲೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅದೇ ರೂಪದಿಂದ ಪೈಲಟ್ ಇಲ್ಲದ ವಿಮಾನ ಮಾಡಿದಾಗ ಅವರ ನೆನಪಿಗೆ ರುಸ್ತುಂ-1 ಎಂದು ಕರೆಯಿತು. ರುಸ್ತುಂ-2 ಎಂದು ಶುರುವಾಗಿ ಆಮೇಲೆ ತಪಸ್ ಆದದ್ದರ ಆಕಾರ ಬೇರೆ, ಮೂತಿಯ ರೆಕ್ಕೆ ಅದಕ್ಕಿಲ್ಲ. ಹೆಸರಿನ ಬೇರು ಮಾತ್ರ ಅದೇ. ಆ ತಪಸ್ ಹಾರಾಡಿದ್ದು ಎಲ್ಲಿ ಗೊತ್ತಲ್ಲ? ನಿಮ್ಮ ಮಾವನ ಮಿಲ್ಲಿರುವ ಚಳ್ಳಕೆರೆ ತಾಲ್ಲೂಕಿನಲ್ಲೇ. ಯಾರೋ ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಳ್ಳಲಿ ಎಂದು ಬರೆದ ನಕ್ಷೆ ಎಲ್ಲೆಲ್ಲಿ ಸುತ್ತಿ ಬಂತು ನೋಡಿ.

ಫೋಮ್ ವಿಷಯ. ಫ್ರಿಜ್ ಡಬ್ಬದ್ದು ಮಣಿ ಮಣಿ ಥರ್ಮಕೋಲ್, ಅದು ಬೇಡ. ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಬೇಕು, ತಾರಸಿಗೆ ಬಿಸಿಲು ತಡೆಯಲು ಹಾಸುತ್ತಾರಲ್ಲ, ಆ ಜಾತಿ. ನಕ್ಷೆ ಹೇಳುವ ಸಾಂದ್ರತೆಯದ್ದೇ ಹುಡುಕಿ, ತಾರಸಿಯ ಹಾಳೆಯನ್ನೇ ನೇರ ರೆಕ್ಕೆಗೆ ತರಬೇಡಿ. ಟ್ಯಾಂಕ್ ಮಾಡುವವರ ರೆಸಿನ್ ಪಾಲಿಯೆಸ್ಟರ್; ಅದರಲ್ಲಿ ಸ್ಟೈರೀನ್ ಇರುತ್ತದೆ, ಪಾಲಿಸ್ಟೈರೀನನ್ನು ಕರಗಿಸಿ ಕುಡಿದುಬಿಡುತ್ತದೆ. ನಿಮಗೆ ಆದದ್ದು ಅದೇ. ಮೈಯ ಕೆಲವು ಭಾಗಕ್ಕೆ ಯೂರಿಥೇನ್ ಫೋಮ್ ಬರುತ್ತದೆ, ಅದನ್ನು ಚಾಕುವಿನಿಂದ ಕೆತ್ತಬೇಕು. ಬಿಸಿ ತಂತಿ ಅದಕ್ಕೆ ಮುಟ್ಟಿಸಿದರೆ ವಿಷದ ಹೊಗೆ. ಇದನ್ನು ಶೆಡ್ಡಿನ ಗೋಡೆಯ ಮೇಲೆ ಬರೆದುಕೊಳ್ಳಿ.

ನಿಮ್ಮ ಶೆಡ್ಡಿನ ಬಗ್ಗೆ ನನಗಿರುವ ಭಯ ಇಲಿಯದ್ದಲ್ಲ, ಎಣ್ಣೆಯದ್ದು. ಮೂವತ್ತು ನಲವತ್ತು ವರ್ಷ ಶೇಂಗಾ ಅರೆದ ಜಾಗದ ಗೋಡೆ, ತೊಲೆ, ನೆಲ ಎಲ್ಲ ಎಣ್ಣೆ ಕುಡಿದಿರುತ್ತವೆ. ಬೆರಳ ತುದಿಯ ಜಿಡ್ಡು ಸಾಕು, ಒಂದು ಪದರ ಇನ್ನೊಂದನ್ನು ಕಚ್ಚುವುದಿಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆಯ ಕೋಣೆ ಕಟ್ಟಿಕೊಂಡು ಅದರೊಳಗೆ ಮಾತ್ರ ಕೆಲಸ ಮಾಡಿ.

ಬ್ಲೇಡ್ ಕೆಲಸ ಬಂದರೆ ಇದೂ ಬರುತ್ತದೆಯೇ ಎಂದಿರಿ. ಕೈ ಬರುತ್ತದೆ, ಅಭ್ಯಾಸ ಕೆಡಿಸುತ್ತದೆ. ಬ್ಲೇಡ್ ರಿಪೇರಿಯಲ್ಲಿ ಒಂದು ಹಿಡಿ ರೆಸಿನ್ ಹೆಚ್ಚಾದರೆ ಉಜ್ಜಿ ತೆಗೆಯುತ್ತೀರಿ, ಉಳಿದರೂ ಟನ್‌ಗಟ್ಟಲೆ ತೂಕದ ಬ್ಲೇಡಿಗೆ ಅದು ಲೆಕ್ಕಕ್ಕಿಲ್ಲ. ಲಾಂಗ್-ಈಝೀ ಖಾಲಿ ತೂಕವೇ 320 ಕಿಲೋ ಆಸುಪಾಸು, ಇಂಜಿನ್ ಸೇರಿ. ಬಟ್ಟೆಗೆ ಬಲವಿದೆ, ರೆಸಿನ್‌ಗೆ ಇಲ್ಲ. ರೆಸಿನ್ ಬಟ್ಟೆಯನ್ನು ಹಿಡಿದಿಡಲು ಮಾತ್ರ. ಒಟ್ಟು ತೂಕದಲ್ಲಿ ರೆಸಿನ್ 35ರಿಂದ 40 ಶೇಕಡಾ ಒಳಗೆ ತರಬೇಕು. ಒದ್ದೆ ಹೊಳಪು ಕಾಣುತ್ತಿದ್ದರೆ ಹೆಚ್ಚಾಗಿದೆ ಎಂದೇ ಅರ್ಥ. ರಬ್ಬರ್ ಹಲಗೆಯಿಂದ ಎಳೆದು ಎಳೆದು ತೆಗೆಯಬೇಕು. ಮೊದಲು ವಿಮಾನ ಬೇಡ. ಕಿಟಕಿ ಗಾಜಿಗೆ ಮೇಣ ಹಚ್ಚಿ ಅದರ ಮೇಲೆ ಆರು ಪದರದ ಒಂದು ತುಂಡು ಮಾಡಿ. ಬಟ್ಟೆಯನ್ನು ಮೊದಲು ತೂಗಿ, ಗಟ್ಟಿಯಾದ ಮೇಲೆ ಮತ್ತೆ ತೂಗಿ, ಇಲ್ಲಿ ಬರೆಯಿರಿ.

ಹಾರಾಟದ ಗುಣ ಹೇಳುವುದಾದರೆ, ಮೂಗು ಅತಿಯಾಗಿ ಎತ್ತಿದರೆ ಮುಂದಿನ ಚಿಕ್ಕ ರೆಕ್ಕೆ ಮೊದಲು ಸೋಲುತ್ತದೆ, ಅಂದರೆ ಎತ್ತುವ ಬಲ ಬಿಡುತ್ತದೆ, ಮೂಗು ತಾನಾಗಿ ಇಳಿಯುತ್ತದೆ, ದೊಡ್ಡ ರೆಕ್ಕೆ ಸೋಲುವ ತನಕ ಹೋಗುವುದೇ ಇಲ್ಲ. ರುಟಾನ್ ಅವರ ಜಾಣತನ ಅಲ್ಲಿದೆ. ಆದರೆ ಮೊದಲ ನಕ್ಷೆಯ ಆ ಚಿಕ್ಕ ರೆಕ್ಕೆ ಮಳೆಹನಿಗೆ ಒದ್ದೆಯಾದರೆ ಎತ್ತುವ ಬಲ ಕಳೆದುಕೊಳ್ಳುತ್ತಿತ್ತು, ಪೈಲಟ್ ಕೈಯ ನಿಯಂತ್ರಣದ ಕೋಲನ್ನು ಹಿಂದಕ್ಕೆ ಎಳೆದು ಹಿಡಿಯಬೇಕಿತ್ತು. ಆಮೇಲೆ ಜಾನ್ ರಾಂಟ್ಸ್ ಎನ್ನುವವರು ಅದಕ್ಕೆ ಬೇರೆ ಆಕಾರ ಕೊಟ್ಟು ಸರಿ ಮಾಡಿದರು. ಹಳೆಯ ನಕ್ಷೆ ಸಿಕ್ಕಿತು ಎಂದು ಹಳೆಯದನ್ನೇ ಕಟ್ಟಬೇಡಿ. ದುರ್ಗದಲ್ಲಿ ಮಳೆ ಎಲ್ಲಿದೆ ಎನ್ನುತ್ತೀರಿ, ಅದೂ ನಿಜವೇ.

ಇನ್ನೆರಡು ಮಾತು. ಬಣ್ಣ ಬಿಳಿಯೇ ಇರಲಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಡುಬಣ್ಣ ಹೊಡೆದ ರೆಕ್ಕೆಯೊಳಗೆ ಎಪಾಕ್ಸಿ ಮೆತ್ತಗಾಗುತ್ತದೆ. ಇನ್ನು ಪೆಟ್ರೋಲ್. ಈ ವಿಮಾನದಲ್ಲಿ ಟ್ಯಾಂಕ್ ಎಂದು ಬೇರೆ ಡಬ್ಬ ಇಲ್ಲ, ರೆಕ್ಕೆಯ ಬುಡದ ಪೊಳ್ಳೇ ಟ್ಯಾಂಕು, ಗೋಡೆ ಅದೇ ಗ್ಲಾಸು ಮತ್ತು ಎಪಾಕ್ಸಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ಎಥನಾಲ್ ಕೆಲವು ಎಪಾಕ್ಸಿಗಳನ್ನು ಒಳಗಿಂದ ಮೆತ್ತಗೆ ಮಾಡುತ್ತದೆ. ಲೈಕಾಮಿಂಗ್‌ನವರೂ ಎಥನಾಲ್ ಬೇಡ ಎನ್ನುತ್ತಾರೆ. ವಿಮಾನದ ಪೆಟ್ರೋಲ್ ಎಲ್ಲಿ ಸಿಗುತ್ತದೋ ಅಲ್ಲೇ ಇದನ್ನು ಇಡಬೇಕಾಗುತ್ತದೆ.

ಮೆಕ್ಕೆಜೋಳ_ಗೌಡ (ಜಗಳೂರು)
ಜೂನ್ 19, ರಾತ್ರಿ 9:20

ಅಣ್ಣಾ, ನಮ್ದು ಹನ್ನೆರಡು ಎಕ್ರೆ ಐತೆ, ಒಂದೇ ಪಟ್ಟೆ. ತೆನೆ ಮುರ್ದು ಸೊಪ್ಪೆ ಎತ್ತಿದ್ ಮೇಲೆ ರೂಲರ್ ಹೊಡ್ಸಿ ಮಟ್ಟ ಮಾಡ್ಕೊಡ್ತೀನಿ, ಇಳ್ಸಪ್ಪಾ ನಿನ್ ವಿಮಾನ. ಬಾಡಿಗೆ ಏನೂ ಬ್ಯಾಡ, ನಮ್ಮಪ್ಪನ್ನ ಒಂದ್ ರೌಂಡ್ ಕೂರ್ಸ್ಕೊಂಡ್ ಹೋಗು ಸಾಕು. ಅವ್ರು 74 ವರ್ಷದಿಂದ ಕೊಟ್ಟೂರು ತೇರಿಗಿಂತ ಎತ್ರ ಏನೂ ಹತ್ತಿಲ್ಲ.

ವಿದ್ಯಾನಗರ_ನಿವೃತ್ತ (ದಾವಣಗೆರೆ)
ಜೂನ್ 19, ರಾತ್ರಿ 9:45

ಗೌಡರೇ, ಮನಸ್ಸು ದೊಡ್ಡದು, ಆದರೆ ಹೊಲದಲ್ಲಿ ಇದು ಆಗುವುದಿಲ್ಲ. ಪ್ರೊಪೆಲ್ಲರ್ ಹಿಂದಿದೆ, ಚಕ್ರ ಎಬ್ಬಿಸಿದ ಕಲ್ಲು ನೇರ ಅದಕ್ಕೇ ಬಡಿಯುತ್ತದೆ. ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಚಿನಲ್ಲಿ ಬಗ್ಗುವ ಪಟ್ಟಿ, ಅಂದರೆ ಫ್ಲಾಪ್, ಇದಕ್ಕಿಲ್ಲ, ಇಳಿಯುವಾಗ ವೇಗ ಜಾಸ್ತಿ, ಉದ್ದನೆಯ ಡಾಂಬರು ಬೇಕೇ ಬೇಕು. ನಿಮ್ಮ ಹೊಲಕ್ಕೆ ಸರಿಯಾದದ್ದು ಲೇತು ಸಾಹೇಬರು ಹೇಳಿದ ಸಿಎಚ್ 701. ಅದು ಒರಟು ನೆಲಕ್ಕೆ, ಚಿಕ್ಕ ಜಾಗಕ್ಕೆಂದೇ ಮಾಡಿದ್ದು.

ಹಳೇ_ಲೇತು (ಹರಿಹರ)
ಜೂನ್ 19, ರಾತ್ರಿ 9:52

ನಾ ಹೇಳಿರಲಿಲ್ಲೇನು.

ಜಕ್ಕೂರು_ಹುಡುಗ (ಮೂಲ ದಾವಣಗೆರೆ, ಈಗ ಬೆಂಗಳೂರು)
ಜೂನ್ 20, ಬೆಳಿಗ್ಗೆ 11:30

ಹಾರಾಟ ಕಲೀತಿದೀನಿ, ಕಾನೂನಿನ ಭಾಗ ನಾನು ಹೇಳ್ತೀನಿ. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ನೀನೇ ಮಾಡಿದೀಯ ಅಂತ ತೋರಿಸಿದರೆ "ಎಕ್ಸ್‌ಪೆರಿಮೆಂಟಲ್" ಅಂತ ಬರೆದು ಹಾರಿಸೋಕೆ ಬಿಡ್ತಾರೆ. ಅಲ್ಲಿ 1953ರಿಂದ ಮನೇಲಿ ವಿಮಾನ ಕಟ್ಟೋರ ಸಂಘವೇ ಇದೆ, ಆಶ್‌ಕಾಶ್‌ನಲ್ಲಿ ವರ್ಷಕ್ಕೊಮ್ಮೆ ಜಾತ್ರೆ ಮಾಡ್ತಾರೆ. ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ, ಉದ್ದ ಇದೆ. ಮುಂಬೈನ ಅಮೋಲ್ ಯಾದವ್, ಅವರೇ ಪೈಲಟ್ ಆಗಿದ್ದವರು, ಮನೆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ವರ್ಷಗಟ್ಟಲೆ ಅಲೆದ ಮೇಲೆ 2017ರಲ್ಲಿ ಡಿಜಿಸಿಎ, ಅಂದ್ರೆ ನಾಗರಿಕ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಇಲಾಖೆಯ ನೋಂದಣಿ ಸಿಕ್ತು. ಅದೂ ನೋಂದಣಿ ಅಷ್ಟೇ, ಹಾರೋ ಪರವಾನಗಿ ಬೇರೆ. 1934ರ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಕಾಗದ ಹೋಗಬೇಕಾದ್ದು ಈಗಲೂ ಡಿಜಿಸಿಎಗೇ. ಫೋಮ್ ಕೊಯ್ಯೋ ಮೊದಲೇ ಅವರಿಗೆ ಬರೀರಿ. ಒಂದೊಂದು ಪದರ ಮುಚ್ಚೋ ಮುಂಚೆ ಫೋಟೋ ತೆಗೆದು, ತಾರೀಖು, ಯಾವ ಡಬ್ಬದ ರೆಸಿನ್, ಆ ದಿನದ ತಾಪಮಾನ, ಎಲ್ಲ ಬರೆದಿಡಿ. ಮುಚ್ಚಿದ ಮೇಲೆ ಯಾವ ಇನ್ಸ್‌ಪೆಕ್ಟರಿಗೂ ಒಳಗೆ ತೋರಿಸೋಕಾಗಲ್ಲ.

ಇನ್ನೊಂದು, ಅಣ್ಣ. ಚಳ್ಳಕೆರೆಯಲ್ಲಿ ಕಟ್ಟಿ, ಆದರೆ ಅಲ್ಲಿಂದ ಹಾರಿಸೋ ಯೋಚನೆಯನ್ನೇ ಬಿಡಿ. 2017ರಿಂದ ಅಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ ಇದೆ. 2023ರ ಏಪ್ರಿಲ್ 2ರಂದು ಇಸ್ರೋ ರೆಕ್ಕೆಯ ರಾಕೆಟ್ ಮಾದರಿಯನ್ನ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ಅದು ತಾನಾಗೇ ಇಳಿದಿದ್ದು ಅದೇ ರನ್‌ವೇ ಮೇಲೆ. ಆ ಆಕಾಶಕ್ಕೆ ನೀವು ಹೇಳದೆ ಕೇಳದೆ ನುಗ್ಗಿದ್ರೆ ಮಾವನ ಮಿಲ್ಲಿಗೆ ಬರೋದು ಪೇಪರಿನವರಲ್ಲ. ರೆಕ್ಕೆ ಬಿಚ್ಚಬಹುದು, ಲಾರಿಗೆ ಹಾಕಿ ಬೇರೆ ಏರೋಡ್ರೋಮಿಗೆ ಒಯ್ಯಿರಿ. ಮತ್ತೆ, ನಿಮಗೆ ಪೈಲಟ್ ಲೈಸೆನ್ಸ್ ಇದೆಯಾ? ನೀವೂ ಬರೆದಿಲ್ಲ, ಇಷ್ಟು ಹೊತ್ತು ಯಾರೂ ಕೇಳೂ ಇಲ್ಲ!

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಜುಲೈ 6, ರಾತ್ರಿ 11:10

ಲೈಸೆನ್ಸ್ ಇಲ್ಲ. 90 ಮೀಟರ್ ಎತ್ತರದಲ್ಲಿ ಹಗ್ಗದ ಮೇಲೆ ಕೂತಿರ್ತೀನಲ್ಲ, ಆ ಧೈರ್ಯದಲ್ಲಿ ಆ ಪ್ರಶ್ನೆಯೇ ಹೊಳೀಲಿಲ್ಲ. ಅದಕ್ಕೆ ಬೇರೆ ದುಡ್ಡು, ಬೇರೆ ವರ್ಷಗಳು. ಇರ್ಲಿ, ರೆಕ್ಕೆ ಮುಗಿಯೋ ಹೊತ್ತಿಗೆ ನೋಡೋಣ.

ನಿವೃತ್ತರು ಹೇಳಿದ ಹಂಗೆ ಮಾಡಿದೆ. ಮಿಲ್ಲಿನ ಒಳಗೆ ಮೂಲೇಲಿ ಹತ್ತಡಿ ಪ್ಲಾಸ್ಟಿಕ್ ಕೋಣೆ ಕಟ್ಟಿದೆ, ಎಪಾಕ್ಸಿ ತಂದೆ, ಕಿಟಕಿ ಗಾಜಿಗೆ ಮೇಣ ಹಚ್ಚಿ ಆರು ಪದರ ಹಾಸಿದೆ. ಬಟ್ಟೆ 200 ಗ್ರಾಂ ಇತ್ತು. ಮಾರನೇ ದಿನ ಗಾಜಿನಿಂದ ಕಿತ್ತು ಪಕ್ಕದ ಕಿರಾಣಿ ಅಂಗಡಿ ತಕ್ಕಡೀಲಿ ಇಟ್ರೆ 428. ಲೆಕ್ಕ ಹಾಕಿ ನಾನೇ ನಂಬಲಿಲ್ಲ, ಅರ್ಧಕ್ಕಿಂತ ಹೆಚ್ಚು ರೆಸಿನ್. ನೋಡೋಕೆ ಕನ್ನಡಿ ಥರ ಹೊಳೀತಿತ್ತು, ನಮ್ಮ ಸೂಪರ್‌ವೈಸರ್ ನೋಡಿದ್ರೆ ಬೆನ್ನು ತಟ್ಟೋರು. ಹನ್ನೊಂದು ವರ್ಷ ಹೀಗೇ ಸುರೀತಿದ್ದೆನಾ ಅಂತ ಅವತ್ತು ಊಟ ಸೇರಲಿಲ್ಲ.

ಎರಡನೇದು 381. ಮೂರನೇದಕ್ಕೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮರದ ಪಟ್ಟಿಗೆ ಮೊಳೆ ಹೊಡೆದು ಎಳೆಯೋ ಹಲಗೆ ಮಾಡ್ಕೊಂಡೆ. ರೆಸಿನ್ ಬಟ್ಟೆ ಅಂಚಿಂದ ಹೊರಗೆ ಹರಿದು ಬರೋವರೆಗೂ ಎಳೆದೆ. 352. ಅಂದ್ರೆ 43 ಶೇಕಡಾ. ಹೊಳಪಿಲ್ಲ, ಒಣಗಿದ ಗೋಣಿ ಥರ ಕಾಣುತ್ತೆ. ನಾಣ್ಯ ತಟ್ಟಿದ್ರೆ ಟಣ್ ಅಂತು, ಒಂದು ಮೂಲೇಲಿ ಮಾತ್ರ ಬದ್.

ಲೇತು ಕಾಕಾ, ಆ ಮೂಲೆ ಕತ್ತರಿಸಿ ನೋಡಿದೆ. ಮೂರನೇ ಪದರದ ಕೆಳಗೆ ಉಗುರಿನಷ್ಟು ಗಾಳಿ ಸಿಕ್ಕಿತ್ತು, ನೀವು ಹೇಳಿದ್ದೇ. ತುಂಡು ಇಟ್ಟಿದೀನಿ, ಹರಿಹರಕ್ಕೆ ಬಂದಾಗ ತರ್ತೀನಿ.

ಗೌಡ್ರೇ, ಅಪ್ಪಾಜಿಗೆ ಹೇಳಿ, ತಡ ಆಗುತ್ತೆ. ಆದ್ರೆ ಮಿಲ್ಲು ನೋಡೋಕೆ ಯಾವಾಗ ಬೇಕಾದ್ರೂ ಬರಬಹುದು, ಭಾನುವಾರ ನಾನು ಅಲ್ಲೇ ಇರ್ತೀನಿ.

ಮೆಕ್ಕೆಜೋಳ_ಗೌಡ (ಜಗಳೂರು)
ಜುಲೈ 7, ಬೆಳಿಗ್ಗೆ 5:50

ಈ ಭಾನ್ವಾರನೇ ಬರ್ತೀವಿ. ಅಪ್ಪ ಕೇಳ್ತಾವ್ರೆ, ಮಿಲ್ಲಲ್ಲಿ ಹಿಂಡಿ ಇನ್ನೂ ಸಿಕ್ತದಾ ಅಂತ.